ಸುನಂದಾ ಎಂಬ ಉದಾಹರಣೆ

ಮಂದಿಯ ಮಾತು ಕೇಳಿಸಿಕೊಳ್ಳುವುದಕ್ಕೂ ಸಂಬಳ ಕೊಡುತ್ತಾರೆಂಬುದು ಮಾಪಣ್ಣನಿಗೆ ಇನ್ನೂ ಪೂರ್ತಿ ನಂಬಿಕೆಯಾಗಿರಲಿಲ್ಲ. ಅವನು ಮೂವತ್ತೊಂದು ವರ್ಷ ಕಲಬುರಗಿಯ ಓಣಿಗಳಲ್ಲಿ ನೀರಿನ ವಾಲ್ವು ತಿರುವಿ ನಿವೃತ್ತನಾದವನು. ತಿರುವಿದರೆ ನೀರು ಬರಬೇಕು, ಇಲ್ಲದಿದ್ದರೆ ಬೈಗುಳವಾದರೂ ಬರಬೇಕು. ಎರಡೂ ಬಾರದ ಕೆಲಸವನ್ನು ಅವನು ಕೆಲಸವೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮಗ ಕಪಿಲನೋ, ಎಂಟು ವರ್ಷದಿಂದ ದಿನಾ ಮುಂಜಾನೆ ಎಂಟರ ಬಸ್ಸಿಗೆ ಕಮಲಾಪುರಕ್ಕೆ ಹೋಗಿ, ಅಲ್ಲಿ ಸಂಸ್ಥೆಯೊಂದು ನಡೆಸುವ ಕುಟುಂಬ ಸಲಹಾ ಕೇಂದ್ರದ ಎರಡು ಕೋಣೆಗಳ ಪೈಕಿ ಫ್ಯಾನಿರುವ ಕೋಣೆಯಲ್ಲಿ ಕೂತು, ಗಂಡಹೆಂಡಿರ ಜಗಳ ಕೇಳಿಸಿಕೊಂಡು, ಸಂಜೆ ತಲೆನೋವಿನೊಂದಿಗೆ ಮರಳುತ್ತಿದ್ದ.

ಡಿಸೆಂಬರಿನಲ್ಲಿ ಅವನನ್ನು ಧಾರವಾಡಕ್ಕೆ ಮೂರು ದಿನದ ತರಬೇತಿಗೆ ಕಳಿಸಿದರು. ಎದುರಿನವರು ಹೇಳಿದ್ದಕ್ಕೆ ಉತ್ತರ ಕೊಡಲು ಹೋಗಬೇಡಿ, ಮಾತಿನ ಕೆಳಗೆ ಇರುವ ಭಾವನೆಯನ್ನು ಹುಡುಕಿ, ಅದಕ್ಕೊಂದು ಹೆಸರಿಟ್ಟು ಅವರಿಗೇ ಮರಳಿ ಒಪ್ಪಿಸಿ ಎಂದು ಅಲ್ಲಿ ಕಲಿಸಿದರು. ಪರಾನುಭೂತಿ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಊರಿಗೆ ಬಂದ ವಾರದಲ್ಲೇ ಆ ವಿದ್ಯೆ ಫಲ ಕೊಟ್ಟಿತು. ಹೆಂಡತಿಯನ್ನು ಹೊಡೆಯುತ್ತಿದ್ದ, ಗಾರೆ ಕೆಲಸದ ಒಬ್ಬ ಗೌಂಡಿಗೆ "ನಿಮಗ ಒಳಗ ಅಂಜಿಕಿ ಅದ" ಎಂದದ್ದೇ ತಡ, ಆ ಮನುಷ್ಯ ಹಳೇ ಟವೆಲ್ಲು ಮುಖಕ್ಕೆ ಹಿಡಿದು ಅತ್ತುಬಿಟ್ಟ. ಕಪಿಲನಿಗೆ ತನ್ನ ಕೈಗುಣದ ಮೇಲೆ ಭರವಸೆ ಬಂತು. ಆ ವಿದ್ಯೆಯನ್ನು ಮನೆಯಲ್ಲೂ ಬಳಸತೊಡಗಿದ.

ಮನೆಯೆಂದರೆ ಖೂಬಾ ಪ್ಲಾಟಿನಲ್ಲಿ ಬಾಡಿಗೆಗೆ ಹಿಡಿದ ಮಹಡಿ. ಕೆಳಗೆ ಮಾಲಕಿ ಪಾರ್ವತೀಬಾಯಿ. ಎಪ್ಪತ್ತರ ಆಸುಪಾಸಿನ ವೈಷ್ಣವ ಹೆಂಗಸು, ಅರ್ಧ ಮರಾಠಿ ಅರ್ಧ ಕನ್ನಡ. ಈ ಮನೆ ಸಿಗುವ ಮುಂಚೆ ಕಪಿಲ ಆರು ಮನೆ ನೋಡಿದ್ದ. ಆರೂ ಕಡೆ ಮೊದಲು ಹೆಸರು ಕೇಳಿದರು, ಆಮೇಲೆ ಅಡ್ಡಹೆಸರು ಕೇಳಿದರು, ಆಮೇಲೆ "ಬ್ಯಾರೇದವರಿಗಿ ಮಾತಾಗ್ಯಾದ್ರೀ" ಎಂದರು. ಪಾರ್ವತೀಬಾಯಿ ಮಾತ್ರ ಏನೂ ಕೇಳದೆ ಕೀಲಿ ಕೊಟ್ಟಿದ್ದಳು. ಯಾಕೆ ಕೇಳಲಿಲ್ಲ ಎಂಬುದೇ ಕಪಿಲನಿಗೆ ಒಂದು ಚಿಂತೆಯಾಗಿತ್ತು. ನಾಲ್ಕು ವರ್ಷದಿಂದ ಅವನು ಆ ಮೆಟ್ಟಿಲನ್ನು ಆಸ್ಪತ್ರೆಯ ಮೆಟ್ಟಿಲು ಹತ್ತುವವನಂತೆ ಹತ್ತಿ ಇಳಿಯುತ್ತಿದ್ದ.

ಅವನ ಹೆಂಡತಿ ತ್ರಿವೇಣಿ ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಳು. ತೊಗರಿ ಒಡೆಯುವ ಯಂತ್ರಗಳ ಸಾಲಿನ ಮೇಲ್ವಿಚಾರಣೆ, ಆರು ವರ್ಷದಿಂದ. ಅವಳ ತವರು ಕಮಲಾಪುರ. ಕಪಿಲ ವಿಶ್ವವಿದ್ಯಾಲಯದಲ್ಲಿ ಓದುವಾಗ, ಅವಳು ಕಾಲೇಜಿಗೆ ಬರುವಾಗ, ಒಂದೇ ಬಸ್ಸಿನಲ್ಲಿ ಎರಡು ವರ್ಷ ತಲೆಗೆ ತಲೆ ಹಚ್ಚಿ ಮಾತಾಡಿ ಮಾಡಿಕೊಂಡ ಮದುವೆ. ಆಗ ಇಬ್ಬರಲ್ಲಿ ಒಬ್ಬರಿಗೂ ತರಬೇತಿ ಆಗಿರಲಿಲ್ಲ.

ಜನವರಿಯ ಒಂದು ಸಂಜೆ ತ್ರಿವೇಣಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಪಿಲ ಬಾಗಿಲಿಗೆ ಆತುಕೊಂಡು, ಕೇಂದ್ರದಲ್ಲಿ ಆಡುವ ಮೆತ್ತನೆಯ ದನಿಯಲ್ಲಿ ಅಂದ:

"ಇವತ್ತ ಭಾಳ ದಣದಂಗ ಕಾಣಸ್ತಿ."

ಅವಳು ಉತ್ತರ ಕೊಡಲಿಲ್ಲ. ಅವನು ಇನ್ನೊಮ್ಮೆ ಅಂದ. ಮೂರನೆಯ ಸಲಕ್ಕೆ ಅವಳು ಫಕ್ಕನೆ ತಿರುಗಿ "ಏನಂದಿ?" ಎಂದಳು. ದನಿ ಕೆಳಗಿನ ಮನೆಯನ್ನೂ ದಾಟಿ ಹೋಗುವಷ್ಟಿತ್ತು.

"ನಿನಗ ಸಿಟ್ಟು ಬಂದದ."

"ಇಲ್ಲ."

"ಒಳಗ ಬಂದದ. ನಿನಗ ಗೊತ್ತಾಗವಲ್ದು."

"ನನ್ನ ಒಳಗ ಏನ್ ಬಂದದ ಅಂತ ನನಕಿಂತ ನಿನಗೇ ಜಾಸ್ತಿ ಗೊತ್ತಿದ್ರ, ಈ ರೊಟ್ಟಿನೂ ನೀನೇ ಬಡಿ."

ಚಾಪೆಯ ಮೇಲೆ ಕೂತಿದ್ದ ಮಾಪಣ್ಣ ನೀರಿನ ಗ್ಲಾಸಿನಿಂದ ತಾಟಿನ ಅಂಚಿಗೆ ಎರಡು ಸಲ ಟಣ್ ಟಣ್ ಎಂದು ಬಡಿದ. ತ್ರಿವೇಣಿ ಅತ್ತ ತಿರುಗಿದಳು. "ಇನ್ನೊಂದ್ ರೊಟ್ಟಿ ಹಾಕವ್ವಾ" ಎಂದ.

"ಅಪ್ಪಾ, ಹೋಟೆಲ್ ಮಾಣಿನ್ನ ಕರದಂಗ ಕರೀಬ್ಯಾಡ" ಎಂದ ಕಪಿಲ. "ಅಕಿಗೂ ಮನಸ್ಸದ."

"ಅಕಿಗಿ ಹಸಿವ್ಯಾಗ್ಯಾದ" ಎಂದ ಮಾಪಣ್ಣ. "ಅದಕ್ಕೂ ಒಂದು ಹೆಸರಿಡು."

ಮೂರನೇ ಇಯತ್ತೆಯ ಮಗಳು ಸಂಘಮಿತ್ರಾ ಇದ್ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಒಲೆಯ ಆಚೆ ಬದಿಗೆ ಹೋಗಿ, ತಾಯಿಯ ಮೊಣಕೈ ಮುಟ್ಟಿ, ಉಪ್ಪಿನಕಾಯಿ ಕೇಳಿ ಇಸಕೊಂಡಳು. ಈ ಹುಡುಗಿಗೆ ಮುಟ್ಟಿ ಮಾತಾಡುವ ಚಟ ಯಾಕೆ ಬಂತೆಂದು ಕಪಿಲ ಎರಡು ಸಲ ಬೈದಿದ್ದ.

ಮರುವಾರ ಮೆಟ್ಟಿಲ ಬುಡದಲ್ಲಿ ಪಾರ್ವತೀಬಾಯಿ ಸಿಕ್ಕಳು. ತುಳಸಿಗೆ ನೀರು ಹಾಕುತ್ತ, ನಗುಮುಖದಿಂದಲೇ, "ನಿಮ್ಮ ಮನಿ ಮಾತು ನಮಗ ಪೂರಾ ಕೇಳಸ್ತಾವ್ರೀ ಕಪಿಲ" ಎಂದಳು. ಅಷ್ಟೇ ಅಂದದ್ದು. ಕಪಿಲನ ಕಿವಿಯ ತುದಿ ಬಿಸಿಯಾಯಿತು. ಆರು ಮನೆಗಳ ಆರು ಬಾಗಿಲೂ ಒಟ್ಟಿಗೆ ನೆನಪಾದವು. ಸೀದಾ ಮೇಲೆ ಬಂದು, ತೊಗರಿಬೇಳೆ ತೊಳೆಯುತ್ತಿದ್ದ ಹೆಂಡತಿಗೆ, ಈ ಸಲ ಭಾವನೆಗೀವನೆ ಹುಡುಕದೆ ಹೇಳಿದ:

"ಜರಾ ಸಣ್ಣ ದನಿಲೆ ಮಾತಾಡಾದು ಕಲಿ. ಇದು ಖೂಬಾ ಪ್ಲಾಟ್, ನಿನ್ನ ದಾಲ್ ಮಿಲ್ ಅಲ್ಲ. ನಾಚಿಕಿ ಬರ್ತದ ನನಗ."

ಅವಳ ಎದುರಿಗೇ ನಿಂತು ಹೇಳಿದ್ದರಿಂದ ಇದು ಒಂದೇ ಸಲಕ್ಕೆ ಮುಟ್ಟಿತು. ತ್ರಿವೇಣಿ ಬೇಳೆಯ ನೀರು ಚೆಲ್ಲಿದಳು. "ಆಯ್ತು" ಎಂದಳು.

ಆ ಮೇಲೆ ಮೂರು ವಾರ ಅವಳು ಮನೆಯಲ್ಲಿ ಮಾತಾಡಿದ್ದನ್ನು ಒಂದು ಅಂಚೆ ಕಾರ್ಡಿನ ಮೇಲೆ ಬರೆಯಬಹುದಿತ್ತು. ಹಾಲು ಬಂತೇ, ಮಿತ್ರಾಳ ಫೀಸು ಕಟ್ಟಿದೆಯೇ, ಮಾವನ ಗುಳಿಗೆ ತೀರಿದವು. ಜಗಳವಿಲ್ಲ, ಎದುರುತ್ತರವಿಲ್ಲ. ಕುಕ್ಕರು ಕೂಗಿ ಕೂಗಿ ಎರಡು ಸಲ ಬೇಳೆ ಹೊತ್ತಿತು. ಅವಳು ಹೊತ್ತಿದ್ದನ್ನು ತಾನು ಬಡಿಸಿಕೊಂಡು ಒಳ್ಳೆಯದನ್ನು ಉಳಿದವರಿಗೆ ಹಾಕಿದಳು. ಮನೆ ಎಷ್ಟು ಶಾಂತವಾಯಿತೆಂದು ಕಪಿಲ ಖುಷಿಪಟ್ಟ. ವಿದ್ಯೆ ಕೆಲಸ ಮಾಡುತ್ತಿದೆ, ಸ್ವಲ್ಪ ತಡವಾಗಿ ಹತ್ತುವ ಔಷಧಿಯಂತೆ, ಎಂದುಕೊಂಡ.

ಫೆಬ್ರುವರಿಯಲ್ಲಿ, ಕಮಲಾಪುರದ ಸಂತೆಯ ದಿನ, ಸಮುದಾಯ ಭವನದಲ್ಲಿ ಮಹಿಳಾ ಸಂಘಗಳ ಸಭೆ. ಸಂತೆ ಮುಗಿಸಿ ಬಂದ ಹೆಂಗಸರು ಚೀಲ ಬುಟ್ಟಿಗಳನ್ನು ಗೋಡೆಗೆ ಸಾಲಾಗಿಟ್ಟು ಕೂತಿದ್ದರು. ಹಿಂದಿನ ಸಾಲಿನಲ್ಲಿ, ಮಾರಿ ಉಳಿದ ಕೆಂಪು ಬಾಳೆಹಣ್ಣಿನ ಬುಟ್ಟಿ ಮಗ್ಗುಲಲ್ಲಿಟ್ಟುಕೊಂಡು, ತ್ರಿವೇಣಿಯ ತಾಯಿ ಕಸ್ತೂರಿಬಾಯಿಯೂ ಇದ್ದಳು. ಅಳಿಯ ಮೈಕು ಹಿಡಿದು ಮಾತಾಡುವ ದಿನ ಅವಳು ತಪ್ಪಿಸುತ್ತಿರಲಿಲ್ಲ. ಅಕ್ಕಪಕ್ಕದವರಿಗೆ ಮೊದಲೇ ಹೇಳಿಯೂ ಇಟ್ಟಿರುತ್ತಿದ್ದಳು.

ಒಂದು ಉದಾಹರಣೆ ಕೊಡುತ್ತೇನೆಂದ ಕಪಿಲ. ಹೆಸರು ಬದಲಿಸಬೇಕೆಂಬ ನಿಯಮ ಅವನಿಗೆ ಚೆನ್ನಾಗಿ ಗೊತ್ತಿತ್ತು, ಆದ್ದರಿಂದ ಹೆಸರನ್ನು ಬದಲಿಸಿದ. ಹೆಸರನ್ನಷ್ಟೇ ಬದಲಿಸಿದ.

"ಸುನಂದಾ ಅಂತ ಇಟ್ಕೊರಿ. ನಂದೂರಿನ ದಾಲ್ ಮಿಲ್ಲಿಗಿ ಹೋಗ್ತಾಳ. ಮನಿಗಿ ಬಂದ್ರ ಗಂಡ ಮಾತಾಡಿಸಿದ್ರ ಉತ್ತರ ಇಲ್ಲ. ಮೂರು ಸಲ ಕರದ್ರ ಒಮ್ಮಿ ಒದರ್ತಾಳ. ಮಗಳು ಕರದ್ರೂ ಲಕ್ಷ್ಯ ಇಲ್ಲ, ಕುಕ್ಕರ್ ಕೂಗಿದ್ರೂ ಲಕ್ಷ್ಯ ಇಲ್ಲ. ಮಿಲ್ಲಿನ ಸಿಟ್ಟೆಲ್ಲ ಮನಿಗಿ ಹೊತ್ಕೊಂಡು ಬರ್ತಾಳ. ಆದ್ರ ಗಂಡ ಸಮಾಧಾನದಿಂದ ಅಕಿ ಭಾವನೆ ತಿಳ್ಕೊಂಡ. ಈಗ ನೋಡ್ರಿ, ಮೂರು ವಾರ ಆತು, ಒಂದು ದೊಡ್ಡ ಮಾತು ಇಲ್ಲ."

ಚಪ್ಪಾಳೆ ಬೀಳಬೇಕಾಗಿದ್ದ ಜಾಗ ಅದು. ಬೀಳಲಿಲ್ಲ. ಮುಂದಿನ ಸಾಲಿನಿಂದ ಶಿವಕಾಂತಮ್ಮ ಎಂಬ ಮುದುಕಿ ಕೈಯೆತ್ತಿದಳು.

"ಆ ಹೆಣಮಗಳಿಗಿ ಕಿವಿ ತೋರ್ಸಿರೇನ್ರೀ ಸರ?"

"ಕಿವಿಯಲ್ರೀ ಅವ್ವಾರ. ಇದು ಮನಸ್ಸಿನ ಮಾತು."

"ಮನಸ್ಸೇ ಇರಲ್ಯಾಕ. ನಾ ಹನ್ನೊಂದು ವರ್ಷ ಮಿಲ್ಲಿನಾಗ ದುಡದೀನಿ, ಅದಕ್ಕ ಕೇಳದೆ. ನನಗೂ ಹಿಂಗೇ ಆಗಿತ್ತು. ನನ್ನ ಗಂಡ ಪಾಪ, ನನಗ ದೆವ್ವ ಬಡದದ ಅಂತಿದ್ದ."

ಹೆಂಗಸರು ನಕ್ಕರು. ಕಪಿಲನೂ ಅವರ ಸಂಗಡ ನಕ್ಕ. ನಗುತ್ತಲೇ ಹಿಂದಿನ ಸಾಲನ್ನು ನೋಡಿದ. ಕಸ್ತೂರಿಬಾಯಿ ನಗುತ್ತಿರಲಿಲ್ಲ. ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು, ಒಮ್ಮೆಯೂ ಹಿಂದಿರುಗಿ ನೋಡದೆ ಹೊರಗೆ ಹೋದಳು.

ಸಭೆಯ ದಿನ ಅತ್ತೆಯ ಮನೆಯಲ್ಲಿ ಉಂಡು ಹೋಗುವುದು ಕಪಿಲನ ವಾಡಿಕೆ. ಹೋಗದಿದ್ದರೆ ತಪ್ಪಾಗುತ್ತದೆ ಎನಿಸಿತು. ಹೋದರೂ ತಪ್ಪಾಗುತ್ತದೆ ಎಂಬುದು ತಿಳಿದದ್ದು ತಾಟಿನ ಮುಂದೆ ಕೂತ ಮೇಲೆ. ಕಸ್ತೂರಿಬಾಯಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಬಡಿಸಿದಳು. ಒಂದೂ ಕಡಿಮೆ ಮಾಡಲಿಲ್ಲ. ಅವನು ಮೊದಲ ತುತ್ತು ಬಾಯಿಗಿಟ್ಟ ಮೇಲೆ ಎದುರಿಗೆ ಕೂತಳು.

"ಯಾವ ಸುನಂದಾರೀ ಕಪಿಲಪ್ಪಾ ಅಕಿ? ನಾ ಹಡದ ಸುನಂದಾನಾ?"

ಕಪಿಲ ತುತ್ತು ನುಂಗಿದ.

"ನನ್ನ ಮಗಳಿಗಿ ಎಡಗಿವಿ ಕೇಳಸಲ್ಲ. ಎರಡು ವರ್ಷಾತು. ಬಲಗಿವಿ ಮ್ಯಾಲೆ ಜೀವನ ನಡೆಸ್ಯಾಳ. ಹೆಸರು ಬದ್ಲಿ ಮಾಡಿದ್ರಿ, ಛಲೋ ಮಾಡಿದ್ರಿ. ಕಮಲಾಪುರದಾಗ ನಂದೂರ ಮಿಲ್ಲಿಗಿ ಹೋಗೋ ಮಗಳು, ಕಲಬುರಗ್ಯಾಗ ಮನಿ, ಒಬ್ಬಕಿ ಮಗಳು, ಅಂಥಾಕಿ ಎಷ್ಟು ಮಂದಿ ಅದಾರಂತ ತಿಳಿದೀರಿ ನೀವು?"

"ನನಗ ಗೊತ್ತಿರಲಿಲ್ಲ" ಎಂದ ಕಪಿಲ.

"ಊಟ ಮಾಡ್ರಿ" ಎಂದಳು ಕಸ್ತೂರಿಬಾಯಿ. "ತಾಟಿನ್ಯಾಗ ಬಿಡಬ್ಯಾಡ್ರಿ."

ಅಳಿಯಂದಿರು ನಾಚಿಕೆಯಿಂದ ಊಟ ಬಿಟ್ಟು ಎದ್ದು ಹೋಗುವುದನ್ನು ಕಪಿಲ ಕೇಳಿದ್ದ. ನಾಚಿಕೆಯಿಂದ ಪೂರ್ತಿ ಉಣ್ಣಬೇಕಾಗುವುದು ಅದಕ್ಕಿಂತ ಕಷ್ಟವೆಂದು ಆವತ್ತು ಗೊತ್ತಾಯಿತು. ಎರಡು ರೊಟ್ಟಿ ಮುಗಿಸುವುದಕ್ಕೆ ಅರ್ಧ ತಾಸು ಬೇಕಾಯಿತು.

ರಾತ್ರಿಯ ಊಟದಲ್ಲಿ ಅವನು ಯಾರನ್ನೂ ಮಾತಾಡಿಸದೆ ಸುಮ್ಮನೆ ನೋಡಿದ. ಮಾಪಣ್ಣ ತಾಟು ಬಡಿದ, ಅವಳು ತಿರುಗಿದಳು, ಆಮೇಲೆ ಬೇಕಾದ್ದು ಕೇಳಿದ. ಮಿತ್ರಾ ಎಡಗಡೆ ಕೂತಿದ್ದವಳು ಎದ್ದು ಸುತ್ತುಹಾಕಿ ಬಲಗಡೆಗೆ ಬಂದು ಮೊಣಕೈ ಮುಟ್ಟಿದಳು. ಇಡೀ ಮನೆ ಅವಳ ಕಿವಿಯ ಸುತ್ತ ಗುಟ್ಟಾಗಿ ಒಂದು ಪದ್ಧತಿ ಕಟ್ಟಿಕೊಂಡು ಎರಡು ವರ್ಷದಿಂದ ಬದುಕಿತ್ತು. ತಾನು ಆ ಮನೆಯಲ್ಲಿ ಊಟಕ್ಕೆ ಮಾತ್ರ ಬಂದು ಹೋಗುವ ಅತಿಥಿಯಂತಿದ್ದೆ ಎಂದು ಅವನಿಗೆ ಹೊಳೆಯಿತು.

ತ್ರಿವೇಣಿ ಒಳಗೆ ಹೋದ ಮೇಲೆ ತಂದೆಯನ್ನು ಕೇಳಿದ: "ಅಪ್ಪಾ, ನಿನಗ ಗೊತ್ತಿತ್ತಾ?"

"ಕಿವಿದಾ? ಅದರಾಗ ಗೊತ್ತಿರಲಾರದ್ದೇನದ?"

"ನನಗ್ಯಾಕ ಹೇಳಲಿಲ್ಲ?"

ಮಾಪಣ್ಣ ಮಗನ ಮುಖ ನೋಡಿದ. ಅದರಲ್ಲಿ ಹುಡುಗಾಟಿಕೆ ಇಲ್ಲವೆಂದು ಖಾತ್ರಿಯಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. "ನಿನಗ ಗೊತ್ತದ ಅಂತ ತಿಳಿದಿದ್ವಿ. ಗೊತ್ತಿದ್ದೂ ಹಂಗ ಅಂತಿ ಅಂತ ತಿಳಿದಿದ್ವಿ. ನಾನೂ, ಆ ಕೂಸೂ."

ಕಪಿಲ ಮಲಗುವ ಕೋಣೆಗೆ ಹೋದ. ತ್ರಿವೇಣಿ ಮಿಲ್ಲಿನ ಸೀರೆ ಮಡಚುತ್ತಿದ್ದಳು. ಅವನು ಸುತ್ತಿಬಂದು ಬಲಗಡೆ ನಿಂತ. ಆ ನಡಿಗೆ ನೋಡಿಯೇ ಅವಳಿಗೆ ಅರ್ಥವಾಯಿತು.

"ಅವ್ವ ಹೇಳಿದಳಾ?" ಎಂದಳು.

"ನೀ ಯಾಕ ಹೇಳಲಿಲ್ಲ ನನಗ?"

"ಹೇಳಿದ್ದೆ. ಎರಡು ವರ್ಷ ತಾನೇ ಛಲೋ ಆಗ್ತದ ಅಂತ ಕಾದು, ನೀ ಧಾರವಾಡದಿಂದ ಬಂದ ಮ್ಯಾಲೆ, ಎಳ್ಳಮಾಸಿ ದಿನ ಹೇಳಿದ್ದೆ. ಹೊಲದಾಗ ಭಜ್ಜಿ ಉಂಡು ಬೇವಿನ ಗಿಡದ ಕೆಳಗ ಕೂತಿದ್ವಿ. ಎಡಗಡೆ ಗುಂಯ್ ಅಂತದ, ಏನೂ ಕೇಳಸವಲ್ದು, ಅಂಜಿಕಿ ಆಗ್ತದ ಅಂದೆ. ನೀ ನನ್ನ ಎರಡೂ ಕೈ ಹಿಡ್ಕೊಂಡಿ."

ಅವನಿಗೆ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು.

"ಕೈ ಹಿಡ್ಕೊಂಡು ಏನಂದಿ? 'ನಿನ್ನ ಮಾತು ಯಾರೂ ಕೇಳವಲ್ರು ಅಂತ ನಿನಗ ಅನಸಾಕತ್ತದ, ಹೌದಲ್ಲ' ಅಂದಿ. ನಾ ಕಿವಿ ಅಂದೆ, ನೀ ಮನಸು ಅಂದಿ. ಮತ್ತ ಹೇಳಬೇಕಂತ ಅನಸಲಿಲ್ಲ."

ಇಷ್ಟನ್ನೂ ಅವಳು ಸಣ್ಣ ದನಿಯಲ್ಲೇ ಹೇಳಿದಳು. ಅವನು ಕಲಿಸಿದ್ದ ದನಿ.

ಮರುದಿನ ಮಿಲ್ಲಿನಲ್ಲಿ ಅವಳ ಪಕ್ಕದ ಯಂತ್ರದ ಬುಶ್ರಾ, "ತ್ರಿವೇಣಿ, ಕಮಲಾಪುರದ ಹೆಣಮಕ್ಳು ಬಸ್ಸಿನಾಗ ಮಾತಾಡಾಕತ್ತಿದ್ರು, ಸುನಂದಾ ಅಂದ್ರ ನೀನೇ ಅಂತಲ್ಲ?" ಎಂದು ಕೇಳಿದಳಂತೆ. ಸಂಜೆ ತ್ರಿವೇಣಿ ಒಂದು ಚೀಲದಲ್ಲಿ ನಾಲ್ಕು ಸೀರೆ ಹಾಕಿಕೊಂಡಳು. ಮಿತ್ರಾಳ ಶಾಲೆ ತಪ್ಪಿಸಬಾರದೆಂದು ಅವಳನ್ನು ಇಲ್ಲೇ ಬಿಟ್ಟಳು. ಮಾವನ ಗುಳಿಗೆಗಳನ್ನು ಎಲ್ಲಿಟ್ಟಿದೆಯೆಂದು ತೋರಿಸಿದಳು.

"ಎಷ್ಟು ದಿನ?" ಎಂದ ಕಪಿಲ.

"ನಾನು ಸುನಂದಾ ಅಲ್ಲ ಅನ್ನೋದು ನನಗ ನೆನಪಾಗಾ ತನಕ" ಎಂದು ಹೋದಳು.

ಮನೆಯ ಕೆಲಸ ಗಂಡಸರ ಪಾಲಾಯಿತು. ಮಾಪಣ್ಣ ಅರವತ್ತೆಂಟನೆಯ ವಯಸ್ಸಿನಲ್ಲಿ ರೊಟ್ಟಿ ಬಡಿಯಲು ಕೂತ. ಅವು ಭಾರತದ ನಕ್ಷೆಯಿಂದ ಸುರುವಾಗಿ ಎರಡನೆಯ ವಾರಕ್ಕೆ ದುಂಡಗಾದವು. ಕಪಿಲ ಅನ್ನ ಮಾಡಿದ, ಪಾತ್ರೆ ತೊಳೆದ, ಮಿತ್ರಾಳ ಜಡೆ ಹಾಕಿದ.

"ಪಪ್ಪಾ, ನೀ ಮಮ್ಮಿ ಎಳದಂಗ ಎಳೀವಲ್ಲಿ."

"ನಾ ಎಳದೇ ಇಲ್ಲಲ್ಲ."

"ಅದಕ್ಕ ಅಂದೆ. ಮಮ್ಮಿ ಎಳದ್ರ ಜಡಿ ನಿಲ್ತದ, ನಿಂದು ಬಿಚ್ತದ. ಎಳಿ."

ಒಂದು ಸಂಜೆ ಪಾರ್ವತೀಬಾಯಿ ಮೆಂತ್ಯದ ಸೊಪ್ಪು ಸೋಸುತ್ತ ಹೊರಗೆ ಕೂತಿದ್ದಳು. "ತ್ರಿವೇಣಿ ಕಾಣಸ್ತಿಲ್ಲಲ್ಲ. ಮ್ಯಾಲೆ ಸಪ್ಪಳಾನೇ ಇಲ್ಲ" ಎಂದಳು.

"ತವರಿಗೆ ಹೋಗ್ಯಾಳ್ರೀ" ಎಂದ ಕಪಿಲ. ಆಮೇಲೆ, ಹೇಗೂ ಹೇಳಬೇಕಾದದ್ದೆಂದು, "ಅವತ್ತ ನೀವು ಅಂದ್ರಲ್ಲರೀ, ಮಾತು ಪೂರಾ ಕೇಳಸ್ತಾವ ಅಂತ. ಅಕಿಗಿ ಕಿವಿದು ತ್ರಾಸದ. ಅದಕ್ಕ ದನಿ ದೊಡ್ಡದು. ನೀವು ತಪ್ಪು ತಿಳಕೋಬಾರದು."

ಪಾರ್ವತೀಬಾಯಿಯ ಕೈ ಸೊಪ್ಪಿನ ಮೇಲೆ ನಿಂತಿತು.

"ಆಕಿ ದನೀದು ನಾ ಯಾಕ ಅನ್ಲಿ? ಆಕಿ ಅನ್ನೋದು ಹಾಲು, ಉಪ್ಪು, ಕೂಸಿನ ಶಾಳೆ. ಅದನ್ನ ಕೇಳಿದ್ರ ಮನ್ಯಾಗ ಮಂದಿ ಇದ್ದಾರ ಅನಸ್ತದ ನನಗ. ನಾ ಅಂದದ್ದು ನೀವು ಆಕಿಗೆ ಅನ್ನೋದು. ನೀವು ಸಣ್ಣ ದನಿಲೆ ಅಂತೀರಿ ಖರೆ. ಆದ್ರ ಅದು ಪೂರಾ ಕೇಳಸ್ತದ." ಒಂದು ಕಡ್ಡಿ ಎತ್ತಿ ಪಕ್ಕಕ್ಕೆ ಎಸೆದಳು. "ನನ್ನ ಮಗ ಧೀರೇಂದ್ರಾನೂ ಹಿಂಗೇ ಭಾಳ ಸಭ್ಯ. ಸೊಸಿ ಪುಣೇಕ್ಕ ಹೋದಾಕಿ ಮರಳಿ ಬರಲಿಲ್ಲ."

ಕಪಿಲ ಮೇಲೆ ಹೋಗಿ ತಲೆಬಾಗಿಲು ಹಾಕಿಕೊಂಡ. ಅಡಿಗೆಮನೆಯಲ್ಲಿ ನಿಂತ. ಏನಾದರೂ ಅನ್ನಬೇಕೆನಿಸಿತು, ಆದರೆ ಕೆಳಗೆ ಕೇಳಿಸುತ್ತದೆ.

ಇನ್ನು ಬಸ್ಸಿನ ವಿಷಯ. ಈಗ ತ್ರಿವೇಣಿ ಮುಂಜಾನೆ ಕಮಲಾಪುರದಿಂದ ಕಲಬುರಗಿಗೆ ಬರುತ್ತಿದ್ದಳು, ಕಪಿಲ ಅದೇ ಹೊತ್ತಿಗೆ ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುತ್ತಿದ್ದ. ಎರಡೂ ಬಸ್ಸುಗಳು ಮಹಾಗಾಂವ ಕ್ರಾಸಿನ ಹತ್ತಿರ ಒಂದನ್ನೊಂದು ದಾಟುತ್ತಿದ್ದವು. ಎರಡನೆಯ ವಾರದಿಂದ ಅವನು ಬಲಗಡೆಯ ಕಿಟಕಿ ಹಿಡಿಯತೊಡಗಿದ. ಒಂದು ದಿನ ಅವಳು ಕಂಡಳು. ಕಂಬಿಗೆ ಹಣೆ ಹಚ್ಚಿ ನಿದ್ದೆ ಹೋಗಿದ್ದಳು. ಅವನ ಕೈ ತಾನೇ ಎದ್ದಿತು.

"ಯಾರಿಗ್ರೀ ಸರ ಟಾಟಾ?" ಎಂದ ಕಂಡಕ್ಟರ್ ಯಂಕಪ್ಪ.

"ಗುರುತಿನವರು."

"ಗುರುತಿನವರು ಇದ್ರ ಮುಂಚೆ ಹೇಳ್ರಿ, ನಾಳಿಗಿ ನಿಲ್ಲಸ್ತೀನಿ. ಎದುರಿನ ಡ್ರೈವರ್ ನಮ್ಮ ಸಲಾವುದ್ದೀನೇ."

ಕಪಿಲ ಬೇಡವೆಂದು ತಲೆ ಅಲ್ಲಾಡಿಸಿದ. ಹದಿಮೂರು ವರ್ಷದ ಸಂಬಂಧಕ್ಕೆ ಗುರುತು ಎಂಬ ಹೆಸರಿಟ್ಟದ್ದು ಕಮಲಾಪುರ ಬರುವತನಕ ಅವನನ್ನು ಕೊರೆಯಿತು.

ನಾಲ್ಕನೆಯ ವಾರ ಅವನು ಕೆಲಸ ಮುಗಿಸಿ ಅತ್ತೆಯ ಮನೆಗೆ ಹೋದ. ತ್ರಿವೇಣಿ ಆಗ ತಾನೇ ಬಂದು ಕಾಲು ತೊಳೆಯುತ್ತಿದ್ದಳು. ಕಸ್ತೂರಿಬಾಯಿ ಚಾ ಇಟ್ಟು ಹಿತ್ತಲಿಗೆ ಹೋದಳು. ಆದರೆ ಹಿತ್ತಲ ಬಾಗಿಲು ತೆರೆದೇ ಇಟ್ಟಳು.

"ನಾ ಒಂದು ವಿಚಾರ ಮಾಡೀನಿ" ಎಂದ ಕಪಿಲ. "ಬರೋ ಸಭಾದಾಗ ಎಲ್ಲರ ಮುಂದ ಹೇಳ್ತೀನಿ. ಆ ಗಂಡ ನಾನೇ, ತಪ್ಪು ನಂದೇ, ಅಕಿಗಿ ಕಿವಿ ಕೇಳಸ್ತಿದ್ದಿಲ್ಲ, ನಾ ತಿಳಕೊಳ್ಳಲಿಲ್ಲ ಅಂತ."

ತ್ರಿವೇಣಿ ಸೆರಗಿನಿಂದ ಕಾಲು ಒರೆಸಿಕೊಂಡಳು.

"ಹೇಳಿ?"

"ಹೇಳಿ ಕ್ಷಮಾ ಕೇಳ್ತೀನಿ."

"ಆಗ ಚಪ್ಪಾಳಿ ಬೀಳ್ತಾವ. ಎಷ್ಟು ದೊಡ್ಡ ಮನಸಿನ ಮನುಷ್ಯ ಅಂತಾರ. ಮತ್ತ ನಾನೇ ಕಥಿ. ಮೊದ್ಲು ಸಿಟ್ಟಿನ ಸುನಂದಾ, ಈಗ ಕಿವುಡ ಸುನಂದಾ." ಚಾದ ಲೋಟ ಅವನ ಮುಂದೆ ಸರಿಸಿದಳು. "ನಿನ್ನ ತಪ್ಪೂ ನಿನಗ ಒಂದು ಉದಾಹರಣಿ ಆಗ್ತದ. ಬ್ಯಾಡ. ಅಲ್ಲಿ ಏನೂ ಹೇಳಬ್ಯಾಡ."

"ಮತ್ತ ನಾ ಏನ್ ಮಾಡ್ಲಿ?"

ಹಿತ್ತಲಿನಿಂದ ಕಸ್ತೂರಿಬಾಯಿಯ ದನಿ ಬಂತು: "ಗುರುವಾರ ಕಿವಿ ತೋರ್ಸಾದು ಅದ. ಬುಶ್ರಾ ಬರ್ತೀನಂದಿದ್ಲು, ಅಕಿಗಿ ರಜಾ ಸಿಕ್ಕಿಲ್ಲ."

"ನಾ ಬರ್ತೀನಿ" ಎಂದ ಕಪಿಲ.

"ಬಾ. ಆದ್ರ ಅಲ್ಲಿ ನನ್ನ ಪರವಾಗಿ ಮಾತಾಡಬ್ಯಾಡ" ಎಂದಳು ತ್ರಿವೇಣಿ.

ಗುರುವಾರದ ಮುಂಚೆ ಬುಧವಾರ ಸಭೆಯಿತ್ತು. ಕಪಿಲ ಬಾಲ್ಯವಿವಾಹದ ಕಾಯಿದೆಯ ಬಗ್ಗೆ ಹೇಳಿ ಕಾಗದ ಮಡಚುವಾಗ ಶಿವಕಾಂತಮ್ಮ ಮತ್ತೆ ಕೈಯೆತ್ತಿದಳು. "ಸರ, ಆ ಸುನಂದಾ ಹ್ಯಾಂಗದಾಳ ಈಗ?" ಹೆಂಗಸರೆಲ್ಲ ಅವನನ್ನೇ ನೋಡಿದರು. ಅವರ ನೋಟದಲ್ಲಿ ಅವನಿಗೆ ಗೊತ್ತಾಯಿತು. ಕೇಳಿದವಳಿಂದ ಹಿಡಿದು ಚಾಪೆ ಸುತ್ತುವವಳವರೆಗೆ ಸುನಂದಾ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಬಾಯಿಯಲ್ಲಿ ಒಂದು ಚೆಂದದ ಮಾತು ತಯಾರಾಗಿ ಬಂದು ನಿಂತಿತ್ತು.

"ಅಕಿ ವಿಷಯ ನಾ ಮಾತಾಡಬಾರದಿತ್ತುರೀ" ಎಂದಷ್ಟೇ ಅಂದು ಕೂತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೋ ಒಬ್ಬಳು ಕಿಸಕ್ಕೆಂದಳು, ಇನ್ನೊಬ್ಬಳು ಅವಳಿಗೆ ಚಿವುಟಿದಳು.

ಕಿವಿ ಪರೀಕ್ಷಿಸುವ ಜಾಗ ಒಂದು ಓಣಿಯ ಮೊದಲನೇ ಮಹಡಿ. ಪರೀಕ್ಷಿಸುವವಳು ಮಂಜುಷಾ ಎಂಬ ತರುಣಿ, ಮಾತಿಗಿಂತ ಕೈ ಜೋರು. "ಯಾವಾಗಿಂದ ತೊಂದರೆ?" ಎಂದು ಕಪಿಲನನ್ನು ಕೇಳಿದಳು. ಅವನು ಹೆಂಡತಿಯ ಕಡೆ ನೋಡಿದ. "ನನಗ ಗೊತ್ತಿಲ್ರೀ. ಅಕಿನ್ನೇ ಕೇಳ್ರಿ" ಎಂದ. ಅವಳು ಎದ್ದು ತ್ರಿವೇಣಿಯ ಬಲಗಡೆ ಹೋಗಿ 'ಯಾವಾಗಿಂದ?' ಎಂದು ಕೇಳಿ ಬರೆದುಕೊಂಡಳು. ಕಪಿಲನನ್ನು ಮತ್ತೇನೂ ಕೇಳಲಿಲ್ಲ.

ತ್ರಿವೇಣಿಯನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸಪ್ಪಳ ಕೇಳಿಸಿದರೆ ಒತ್ತಬೇಕು. ಕಪಿಲನಿಗೆ ಹೊರಗೆ ಕುರ್ಚಿ ಸಿಕ್ಕಿತು, ಮಂಜುಷಾಳ ಹಿಂದೆ. ಸಪ್ಪಳ ಬಿಟ್ಟಾಗೆಲ್ಲ ಯಂತ್ರದ ಮೇಲೆ ಒಂದು ಹಸಿರು ದೀಪ ಹತ್ತುತ್ತಿತ್ತು. ತ್ರಿವೇಣಿ ಒತ್ತಿದರೆ ಅದರ ಪಕ್ಕದ ಕೆಂಪು ದೀಪ. ಬಲಗಿವಿಗೆ ಹಸಿರು, ಕೆಂಪು, ಹಸಿರು, ಕೆಂಪು ಎಂದು ನಡೆಯಿತು. ಆಮೇಲೆ ಎಡಗಿವಿ. ಹಸಿರು ಹತ್ತಿತು, ಆರಿತು. ಮತ್ತೆ ಹತ್ತಿತು, ಆರಿತು. ಮಂಜುಷಾ ಸಪ್ಪಳ ಏರಿಸುವ ತಿರುಗಣೆ ತಿರುವುತ್ತ ಹೋದಳು. ಗಾಜಿನ ಆಚೆ ತ್ರಿವೇಣಿ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ಕತ್ತು ಸ್ವಲ್ಪ ಮುಂದೆ ಮಾಡಿ, ಪರೀಕ್ಷೆಗೆ ಚೆನ್ನಾಗಿ ಓದಿ ಬಂದ ಹುಡುಗಿಯಂತೆ ಕಾಯುತ್ತ ಕೂತಿದ್ದಳು. ಏನೂ ಶುರುವಾಗಿಲ್ಲವೆಂದು ಅವಳು ತಿಳಿದಿದ್ದಳು. ಹಸಿರು ಹತ್ತುತ್ತಿತ್ತು, ಆರುತ್ತಿತ್ತು.

ಅಡಿಗೆಮನೆಯ ಬಾಗಿಲಲ್ಲಿ ನಿಂತು ತಾನಾಡಿದ ಮಾತುಗಳನ್ನು ಕಪಿಲ ಎಣಿಸಲು ಹೋಗಿ ಬಿಟ್ಟ. ಕಣ್ಣೊರೆಸಿಕೊಳ್ಳಲು ಜೇಬು ತಡಕಿದ. ಗೌಂಡಿಯ ಟವೆಲ್ಲೂ ಹತ್ತಿರ ಇರಲಿಲ್ಲ.

ಎಡಗಿವಿ ಮರಳುವುದಿಲ್ಲ, ಬಲಗಿವಿಯನ್ನು ಇನ್ನಾದರೂ ಮಿಲ್ಲಿನ ಸಪ್ಪಳದಿಂದ ಕಾಯಬೇಕು ಎಂದು ಮಂಜುಷಾ ತ್ರಿವೇಣಿಗೇ ಹೇಳಿದಳು. ತ್ರಿವೇಣಿ ತಾನೇ ಪ್ರಶ್ನೆ ಕೇಳಿದಳು, ದೊಡ್ಡ ದನಿಯಲ್ಲಿ. ಪ್ಯಾಕಿಂಗಿನ ಕಡೆಗೆ ಬದಲಿ ಕೇಳುತ್ತೇನೆ, ಕಾಗದ ಬರೆದುಕೊಡ್ರಿ ಎಂದಳು. ಹೊರಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಕಪಿಲ ಗೋಡೆಯ ಮೇಲಿನ ಕಿವಿಯ ಚಿತ್ರ ನೋಡಿದ.

ಕೆಳಗೆ ರಸ್ತೆಯಲ್ಲಿ ಮಾರ್ಚಿನ ಬಿಸಿಲು, ಲಾರಿ, ಹಾರ್ನು, ಚಾದಂಗಡಿಯ ಮುಂದೆ ಹತ್ತು ಮಂದಿ. ತ್ರಿವೇಣಿ ಆಟೋಕ್ಕೆ ಕೈ ಮಾಡಿದಳು. ಕಪಿಲ ಹತ್ತಿರ ಬಂದು, "ಮನಿಗಿ ಬಾ" ಎಂದ.

"ಏನಂದಿ?"

"ಮನಿಗಿ ಬಾ ಅಂದೆ. ನಂದು ತಪ್ಪಾತು."

"ಆಂ?"

ಅವನು ಸುತ್ತ ನೋಡಿದ. ಚಾದಂಗಡಿಯಲ್ಲಿ ಒಬ್ಬ ಚಾದ ಬಸಿಯನ್ನು ಬಾಯಿಯ ಹತ್ತಿರ ಹಿಡಿದು ನಿಂತಿದ್ದ. ಕಪಿಲ ಉಸಿರು ಎಳೆದುಕೊಂಡು, ಮೂವತ್ತೇಳು ವರ್ಷದಲ್ಲಿ ರಸ್ತೆಯ ಮೇಲೆ ಎಂದೂ ಎತ್ತದ ದನಿಯಲ್ಲಿ ಕೂಗಿದ: "ತ್ರಿವೇಣಿ, ನಂದು ತಪ್ಪಾತು. ಮನಿಗಿ ಬಾ."

ಬಸಿ ಹಿಡಿದವನು ಬಸಿ ಕೆಳಗಿಟ್ಟ. ಆಟೋ ಚಾಲಕ ಖಾಜಾ ತಲೆ ಹೊರಹಾಕಿ, "ಭಾಭಿ, ಇಷ್ಟು ಹೇಳಾಕತ್ತಾರಲ್ಲ, ಸುನ್ ಲೇವ್, ಕೇಳ್ರಿ" ಎಂದ.

ತ್ರಿವೇಣಿ ಆಟೋದಲ್ಲಿ ಕೂತಳು. "ಬಸ್‌ಸ್ಟ್ಯಾಂಡ್" ಎಂದಳು. ಕಪಿಲನ ಮುಖದಲ್ಲಿ ಬಿಸಿಲಿಗಿಂತ ಹೆಚ್ಚು ಬಿಸಿಯಿತ್ತು. ಅವಳು ಸರಿದು ಜಾಗ ಮಾಡಿದಳು.

"ಕಮಲಾಪುರದಾಗ ನನ್ನ ಚೀಲ ಅದ. ಅವ್ವ ಅದರಾಗ ಎರಡು ಗೊನಿ ಬಾಳಿಹಣ್ಣು ತುಂಬಿರ್ತಾಳ. ಎತ್ತಾಕ ಒಬ್ಬರು ಬೇಕು."

ಅವನು ಹತ್ತಿ ಕೂತ. ಆಟೋ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ತ್ರಿವೇಣಿ ಹೊರಗೆ ನೋಡುತ್ತಲೇ ಹೇಳಿದಳು:

"ಮೊದಲನೇ ಸಲ ಅಂದಾಗೇ ಕೇಳಿಸಿತ್ತು."